ತುತ್ತೂರಿಯ ಜಿದ್ದು, ಸ್ಯಾಕ್ಸೊಫೋನಿನ ವಾಲಗ

ಹಾಗಲವಾಡಿ, ಗುಬ್ಬಿ ಕಡೆಯ ಮದುವೆಗಳಲ್ಲಿ ಧಾರೆಗೆ ವಾಲಗ, ಮೆರವಣಿಗೆಗೆ ಬ್ಯಾಂಡ್‌ಸೆಟ್. ಎರಡರಲ್ಲೂ ಉಸಿರಿನದೇ ದರ್ಬಾರು. ವಾಲಗದ ನಾಗಸ್ವರ ರಾಗವನ್ನು ಜಾರಿಸಿ ಬಳುಕಿಸುತ್ತದೆ. ಬ್ಯಾಂಡಿನ ಟ್ರಂಪೆಟ್ ಸಿನಿಮಾ ಹಾಡನ್ನು ಕಿವಿಗಡಚಿಕ್ಕುವಂತೆ ಊದುತ್ತದೆ. ಒಂದು ವಾದ್ಯದ ನುಡಿಯನ್ನು ಇನ್ನೊಂದರ ಬಾಯಲ್ಲಿ ಆಡಿಸಿದರೆ ಏನಾಗುತ್ತದೆ?

ಉತ್ತರಕ್ಕೆ ಮೊದಲು ಅಮೆರಿಕಕ್ಕೆ ಹೋಗೋಣ. ನಮ್ಮ ಗೀಗೀ ಮೇಳಗಳಲ್ಲಿ ಹರದೇಶಿ–ನಾಗೇಶಿಯ ಸವಾಲು–ಜವಾಬು ಇದ್ದ ಹಾಗೆ ಅಲ್ಲಿನ ಜಾಜ್‌ನಲ್ಲೂ ಒಂದು ಜಿದ್ದಿದೆ. ಹೆಸರು ‘ಕಟಿಂಗ್ ಕಾಂಟೆಸ್ಟ್’. ಒಬ್ಬ ಊದಿದ್ದಕ್ಕೆ ಇನ್ನೊಬ್ಬ ನಿಂತ ನಿಲುವಿನಲ್ಲೇ ಹೊಸೆದು ಉತ್ತರ ಕೊಡಬೇಕು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಮಿಂಟನ್ಸ್ ಪ್ಲೇಹೌಸ್ 1940ರ ದಶಕದಲ್ಲಿ ಇಂಥ ರಾತ್ರಿಗಳಿಗೆ ಹೆಸರಾಗಿತ್ತು.

ಅಲ್ಲಿನ ಟ್ರಂಪೆಟ್ ಜಟ್ಟಿ ರಾಯ್ ಎಲ್ಡ್ರಿಜ್. ಎಳವೆಯಲ್ಲೇ ಈತ ಕೋಲ್ಮನ್ ಹಾಕಿನ್ಸ್‌ನ ಸ್ಯಾಕ್ಸೊಫೋನ್ ವಾದನವನ್ನು ಸ್ವರ ಬಿಡದೆ ಕಲಿತು ಟ್ರಂಪೆಟ್‌ಗೆ ಇಳಿಸಿದ್ದ. ಮೂರೇ ಮೂರು ವಾಲ್ವ್‌ಗಳ ವಾದ್ಯದಲ್ಲಿ ಸ್ಯಾಕ್ಸೊಫೋನಿನ ಓಟ! ಆತನ ಬೆರಗಿನ ವೇಗ ಹುಟ್ಟಿದ್ದು ಹೀಗೆ.

ಇನ್ನೊಬ್ಬ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಮೊದಮೊದಲು ಎಲ್ಡ್ರಿಜ್‌ನ ಪಡಿಯಚ್ಚು. 1937ರಲ್ಲಿ ಟೆಡ್ಡಿ ಹಿಲ್ ತಂಡ ಸೇರಿದ್ದೂ ಹಿಂದೆ ಎಲ್ಡ್ರಿಜ್ ಕೂತಿದ್ದ ಜಾಗಕ್ಕೇ. ಮುಂದೆ ಮಿಂಟನ್ಸ್‌ನಲ್ಲಿ ಇಬ್ಬರೂ ಎದುರುಬದುರಾದರು. ಗುರುವಿನ ಪಟ್ಟುಗಳಿಂದಲೇ ಗುರುವನ್ನು ಕೆಡವುವುದು ಕಷ್ಟ. ಗಿಲೆಸ್ಪಿ ಥೆಲೋನಿಯಸ್ ಮಾಂಕ್, ಚಾರ್ಲಿ ಪಾರ್ಕರ್ ಮುಂತಾದವರ ಜೊತೆ ಹೊಸ ಸ್ವರಮೇಳಗಳ ದಾರಿ ಹಿಡಿದ. ಆ ದಾರಿಯೇ ‘ಬೀಬಾಪ್’.

ಒಂದು ವಾದ್ಯದ ನುಡಿಯನ್ನು ಇನ್ನೊಂದಕ್ಕೆ ಇಳಿಸಿದವರು ನಮ್ಮಲ್ಲೂ ಇದ್ದರು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರದು ನಾಗಸ್ವರದ ಮನೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ ಹುಡುಗನಿಗೆ ಅದರದೇ ಹುಚ್ಚು ಹತ್ತಿತು. ತೊಡಕು ಮಾತ್ರ ದೊಡ್ಡದು. ನಾಗಸ್ವರದಲ್ಲಿ ಬೆರಳು ರಂಧ್ರವನ್ನು ಅರ್ಧ ಮುಚ್ಚಬಹುದು, ಮೆಲ್ಲನೆ ಸರಿಯಬಹುದು. ಗಮಕ ಬರುವುದು ಅಲ್ಲಿ. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಲೋಹದ ಕೀಲಿ. ಹಾಗಾಗಿ ಅವರು ವಾದ್ಯವನ್ನೇ ಕೊಂಚ ಮಾರ್ಪಡಿಸಿಕೊಂಡರು. ತುಟಿ, ಉಸಿರುಗಳಿಂದ ಸ್ವರವನ್ನು ಬಾಗಿಸಿದರು.

1980ರ ಮುಂಬೈ ಜಾಜ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಗೋಪಾಲನಾಥರ ವಾದನಕ್ಕೆ ಮಾರುಹೋಗಿ ಜೊತೆಯಲ್ಲೇ ನುಡಿಸಿದರು. 1994ರಲ್ಲಿ ಗೋಪಾಲನಾಥರು ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆ ಏರಿದರು.

ಅಮೆರಿಕದಲ್ಲಿ ಬೆಳೆದ, ಕರ್ನಾಟಕ ಮೂಲದ ಕುಟುಂಬದ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಜಾಜ್ ಕಲಿಯುತ್ತಿದ್ದಾಗ ಅಣ್ಣ ತಮಾಷೆಗೆಂದು ಗೋಪಾಲನಾಥರ ಧ್ವನಿಮುದ್ರಿಕೆ ಕೊಟ್ಟ. ತಮಾಷೆ ಬಲವಾಗಿಯೇ ನಾಟಿತು. 2008ರಲ್ಲಿ ಮಹಾಂತಪ್ಪ, ಗೋಪಾಲನಾಥರು ಕೂಡಿ ‘ಕಿನ್ಸ್‌ಮೆನ್’ ಆಲ್ಬಮ್ ತಂದರು. ಇಬ್ಬರ ಕೈಯಲ್ಲೂ ಇರುವುದು ಒಂದೇ ಜಾತಿಯ ವಾದ್ಯ. ಸಿಕ್ಕರೆ ಒಮ್ಮೆ ಕೇಳಿ. ಯಾರ ಉಸಿರು ಯಾವುದೆಂದು ಎರಡೇ ನಿಮಿಷದಲ್ಲಿ ನಿಮಗೇ ಗೊತ್ತಾಗುತ್ತದೆ.