ವಾದ್ಯವಿಲ್ಲದೆ ಹುಟ್ಟಿದ ಸಂಗೀತ

ಸಂಗೀತಕ್ಕೂ ವಾದ್ಯಕ್ಕೂ ಇರುವ ನಂಟು ಬಹಳ ಹಳೆಯದು. ಒಂದು ರಚನೆಯನ್ನು ಕೇಳುತ್ತಿದ್ದಂತೆಯೇ, ಇದು ವೀಣೆಯ ಮೆಟ್ಟಿಲುಗಳ ಮೇಲೆ ರೂಪುಗೊಂಡದ್ದು, ಇದು ನಾಗಸ್ವರದ ಉಸಿರಿನಿಂದ ಬಂದದ್ದು ಎಂದು ಬಲ್ಲವರು ಗುರುತಿಸುತ್ತಾರೆ. ಆದರೆ ಕಳೆದ ನಾಲ್ಕು ದಶಕಗಳಿಗೂ ಮೇಲ್ಪಟ್ಟು, ಯಾವ ವಾದ್ಯದಲ್ಲಿಯೂ ಹುಟ್ಟದ, ಯಾವ ವಾದ್ಯಕ್ಕೂ ಸೇರದ ಒಂದು ಸಂಗೀತ ಮಕ್ಕಳ ಕಿವಿಗಳಲ್ಲಿ ಮನೆಮಾಡಿಕೊಂಡಿದೆ. ಅದು ವಿಡಿಯೋ ಆಟಗಳ ಸಂಗೀತ. ಅದನ್ನು ಸಂಗೀತವೆಂದು ಕರೆಯುವುದಕ್ಕೇ ನಮ್ಮಲ್ಲಿ ಅನೇಕರಿಗೆ ಸಂಕೋಚ. ಹಾಗಿದ್ದರೂ ಅದನ್ನು ನುಡಿಸಬೇಕೆಂಬ ಒಂದೇ ಆಸೆಯಿಂದ ಒಂದಾದ ಮೇಲೊಂದು ವಾದ್ಯವನ್ನು ಕೈಗೆತ್ತಿಕೊಳ್ಳುವ ಎಳೆಯರಿದ್ದಾರೆ. ಈ ಹವ್ಯಾಸದಲ್ಲಿ ಹುರುಳುಂಟೆ, ಇಲ್ಲವೆ ಎಂಬುದು ಇಲ್ಲಿಯ ವಿಚಾರ.

ನಾನಿರುವ ಕೋಗಿಲು, ಬೆಂಗಳೂರಿನ ಉತ್ತರಕ್ಕೆ ಯಲಹಂಕಕ್ಕೆ ಅಂಟಿಕೊಂಡಿರುವ ಊರು. ಹೆಸರು ಕೇಳಿದವರು ಕೋಗಿಲೆಯನ್ನು ನೆನೆಯುತ್ತಾರೆ. ನಮಗೆ ಅಲ್ಲಿ ಕೇಳುವುದು ಬಳ್ಳಾರಿ ರಸ್ತೆಯ ವಾಹನಗಳ ಮೊರೆತ, ಆಗೊಮ್ಮೆ ಈಗೊಮ್ಮೆ ವಾಯುನೆಲೆಯ ವಿಮಾನಗಳ ಗರ್ಜನೆ. ಇವುಗಳ ನಡುವೆ ನಮ್ಮ ಬೀದಿಯ ಒಂದು ಮನೆಯಿಂದ ಸಂಜೆಯ ಹೊತ್ತು ಒಂದೇ ಧಾಟಿ ಒಮ್ಮೆ ಕೊಳಲಿನಲ್ಲಿ, ಒಮ್ಮೆ ಪಿಟೀಲಿನಲ್ಲಿ, ಮತ್ತೊಮ್ಮೆ ಕೀಬೋರ್ಡಿನಲ್ಲಿ ಕೇಳಿಬರುತ್ತದೆ. ನುಡಿಸುವವನು ಕಾಲೇಜು ವಿದ್ಯಾರ್ಥಿ. ನಾನು ಸ್ವಲ್ಪಮಟ್ಟಿಗೆ ವೀಣೆ ಬಲ್ಲವನೆಂದು ತಿಳಿದು ಅವನ ತಾಯಿ ಒಂದು ದಿನ ಬಂದು ಹೇಳಿದರು: “ನೀವಾದರೂ ಇವನಿಗೆ ಬುದ್ಧಿ ಹೇಳಿ ಸಾರ್. ವರ್ಷಕ್ಕೊಂದು ವಾದ್ಯ ಹಿಡೀತಾನೆ. ಪಿಟೀಲಿನ ಜೂನಿಯರ್ ಪರೀಕ್ಷೆ ಕಟ್ಟು ಅಂದ್ರೆ ಈಗ ಬೇಡ ಅಂತಾನೆ. ಹೀಗಾದ್ರೆ ಯಾವುದು ಕೈಹತ್ತೀತು?” ಆಕೆಯ ಆತಂಕ ಸುಳ್ಳಲ್ಲ. ವಾದ್ಯಕ್ಕೆ ಹಣ ಬೇಕು, ಗುರುವಿಗೆ ಸಂಭಾವನೆ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ಆ ವಯಸ್ಸಿನ ವರ್ಷಗಳು ಮತ್ತೆ ಬಾರವು. ಉತ್ತರ ಹೇಳುವ ಮುನ್ನ ಆ ಹುಡುಗ ನುಡಿಸುತ್ತಿರುವುದು ಏನೆಂಬುದನ್ನು ತಿಳಿಯಬೇಕಾಯಿತು.

1978ರಲ್ಲಿ ಜಪಾನಿನಲ್ಲಿ ಹೊರಬಂದ ‘ಸ್ಪೇಸ್ ಇನ್ವೇಡರ್ಸ್’ ಎಂಬ ಆಟದಲ್ಲಿದ್ದದ್ದು ನಾಲ್ಕೇ ನಾಲ್ಕು ಮಂದ್ರಸ್ವರಗಳು. ಅವು ಇಳಿಯುತ್ತ ಮತ್ತೆ ಮತ್ತೆ ಬರುತ್ತಿದ್ದವು. ಶತ್ರುಗಳು ಸಮೀಪಿಸಿದಂತೆ ಕಾಲ ಏರುತ್ತಿತ್ತು. ಆಡುವವನ ಎದೆಬಡಿತವೂ ಏರುತ್ತಿತ್ತೆಂದು ಬೇರೆ ಹೇಳಬೇಕಾಗಿಲ್ಲ. 1983ರಲ್ಲಿ ನಿಂಟೆಂಡೊ ಸಂಸ್ಥೆ ‘ಫ್ಯಾಮಿಕಾಮ್’ ಎಂಬ ಮನೆಯಂತ್ರವನ್ನು ಮಾರುಕಟ್ಟೆಗೆ ತಂದಿತು. ಇದರ ಅಗ್ಗದ ನಕಲುಗಳೇ 1990ರ ದಶಕದಲ್ಲಿ ನಮ್ಮ ಊರುಗಳ ಟೀವಿಗಳಿಗೂ ಜೋಡಣೆಗೊಂಡವು. ಆಟವನ್ನು ಒಳಗೊಂಡ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಮಕ್ಕಳು ‘ಕ್ಯಾಸೆಟ್’ ಎಂದೇ ಕರೆಯುತ್ತಿದ್ದರು.

ಆ ಯಂತ್ರದ ಚಿಪ್ಪಿನಲ್ಲಿ ಧ್ವನಿಗೆ ಐದು ದಾರಿಗಳಿದ್ದವು. ಎರಡು ದಾರಿಗಳಲ್ಲಿ ಚೌಕಾಕಾರದ ಅಲೆ. ಒಂದರಲ್ಲಿ ತ್ರಿಕೋನಾಕಾರದ ಅಲೆ. ನಾಲ್ಕನೆಯದರಲ್ಲಿ ಸ್ವರವೇ ಇಲ್ಲದ ಬರಿಯ ಭೋರ್ಗರೆತ. ಐದನೆಯದು ಮೊದಲೇ ಮುದ್ರಿಸಿಟ್ಟ ತುಣುಕು ಸದ್ದುಗಳಿಗೆ. ಚೌಕಾಲೆ ಎಂದರೇನು? ತಂಬೂರಿಯ ಒಂದು ತಂತಿಯನ್ನು ಮೀಟಿದರೆ ಅದರ ಮೂಲಸ್ವರದೊಡನೆ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಕಂಪನವುಳ್ಳ ಉಪಸ್ವರಗಳೂ ಹೊಮ್ಮುತ್ತವೆ. ಯಾರೂ ಮೀಟದ ಗಾಂಧಾರ ತಂಬೂರಿಯಲ್ಲಿ ಕೇಳಿಸುತ್ತದೆಯಲ್ಲ, ಅದು ಈ ಐದನೆಯದರ ಮಹಿಮೆ. ಸಮನಾದ ಚೌಕಾಲೆಯಲ್ಲಿ ಎರಡು, ನಾಲ್ಕು, ಆರು ಎಂಬ ಸಮಸಂಖ್ಯೆಯ ಉಪಸ್ವರಗಳು ಇರುವುದೇ ಇಲ್ಲ. ಒಂದು, ಮೂರು, ಐದು, ಏಳು ಮಾತ್ರ ಇರುತ್ತವೆ. ಆದ್ದರಿಂದಲೇ ಅದರ ದನಿ ಒಳಗೆ ಟೊಳ್ಳಾದ ಕೊಳವೆಯ ದನಿಯಂತೆ, ಕ್ಲಾರಿನೆಟ್ಟಿನ ಕೆಳಸ್ಥಾಯಿಯನ್ನು ಹೋಲುತ್ತದೆ. ತ್ರಿಕೋನಾಲೆಯಲ್ಲಿಯೂ ಬೆಸಸಂಖ್ಯೆಯವೇ ಇದ್ದರೂ ಅವು ಬೇಗನೆ ಕ್ಷೀಣಿಸುವುದರಿಂದ ಅದು ಕೊಳಲಿನಷ್ಟು ಮೃದು. ಆದರೆ ಆ ದಾರಿಯಲ್ಲಿ ಧ್ವನಿಯನ್ನು ಏರಿಸುವ, ತಗ್ಗಿಸುವ ಸೌಲಭ್ಯವಿರಲಿಲ್ಲ. ಹೀಗಾಗಿ ಅದಕ್ಕೆ ಸಾಮಾನ್ಯವಾಗಿ ಮಂದ್ರದ ಕೆಲಸ ಬೀಳುತ್ತಿತ್ತು. ಭೋರ್ಗರೆತವನ್ನು ಚೂರುಚೂರಾಗಿ ಕತ್ತರಿಸಿ ತಾಳವಾದ್ಯವಾಗಿಸುತ್ತಿದ್ದರು.

ಇಷ್ಟು ಬಡತನದೊಳಗೆ ಸಂಗೀತ ಕಟ್ಟಬೇಕಾಗಿತ್ತು. ಸಾಲದ್ದಕ್ಕೆ, ಆಟದಲ್ಲಿ ಬೊಂಬೆ ಹಾರಿದರೆ ಅಥವಾ ನಾಣ್ಯ ಸಿಕ್ಕಿದರೆ, ಆ ಸದ್ದಿಗಾಗಿ ಸಂಗೀತದ ಒಂದು ದಾರಿಯನ್ನು ಕ್ಷಣಕಾಲ ಬಿಟ್ಟುಕೊಡಬೇಕು! ಮೂರು ಸ್ವರಗಳನ್ನು ಒಟ್ಟಿಗೆ ನುಡಿಸಲು ದಾರಿಯಿಲ್ಲದಾಗ ಅವನ್ನು ಮಿಂಚಿನ ವೇಗದಲ್ಲಿ ಒಂದಾದ ಮೇಲೊಂದು ನುಡಿಸಿ, ಒಟ್ಟಿಗೆ ಕೇಳಿದಂತೆ ಭ್ರಮೆ ಹುಟ್ಟಿಸುತ್ತಿದ್ದರು. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟಕ್ಕೆ ಕೋಜಿ ಕೊಂಡೊ ರಚಿಸಿದ ಸಂಗೀತ ಈ ಇಕ್ಕಟ್ಟಿನಲ್ಲಿಯೇ ಅರಳಿದ್ದು. ಮುಂದೆ ಯಂತ್ರಗಳು ಬಲಿತವು. ದೊಡ್ಡ ವಾದ್ಯವೃಂದಗಳು ಬಂದವು. 2005ರ ‘ಸಿವಿಲೈಸೇಷನ್ 4’ ಎಂಬ ಆಟಕ್ಕಾಗಿ ಕ್ರಿಸ್ಟೊಫರ್ ಟಿನ್ ರಚಿಸಿದ ‘ಬಾಬಾ ಯೆಟು’ ಗೀತೆ 2011ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನೂ ಗಳಿಸಿತು. ಆದರೆ ನನ್ನ ಮನಸ್ಸು ಆ ವೈಭವಕ್ಕಿಂತ ಹಳೆಯ ತೆಳುವಾದ ಸಂಗೀತಕ್ಕೇ ಒಲಿಯುತ್ತದೆ. ಅದರಲ್ಲಿ ಒಂದೊಂದು ಎಳೆಯೂ ಬರಿಗಿವಿಗೆ ಬೇರೆಬೇರೆಯಾಗಿ ಕೇಳುತ್ತದೆ. ಕಲಿಯುವವನಿಗೆ ಬೇಕಾದದ್ದು ಅದೇ ಅಲ್ಲವೆ?

ಹುಡುಗ ನುಡಿಸುತ್ತಿದ್ದ ಧಾಟಿ ‘ಟೆಟ್ರಿಸ್’ ಎಂಬ ಆಟದ್ದು. 1989ರಲ್ಲಿ ಅಂಗೈಯಗಲದ ‘ಗೇಮ್ ಬಾಯ್’ ಯಂತ್ರದೊಡನೆ ಅದು ಜಗತ್ತನ್ನೆಲ್ಲ ಸುತ್ತಿತು. ಸೋಜಿಗವೆಂದರೆ ಅದು ಆಟಕ್ಕಾಗಿ ಹುಟ್ಟಿದ ಧಾಟಿಯೇ ಅಲ್ಲ. ಅದು ‘ಕೊರೊಬೆಯ್ನಿಕಿ’ ಎಂಬ ರಷ್ಯದ ಹಾಡು. ತಿರುಗಾಡಿ ಮಾರುವ ವ್ಯಾಪಾರಿಗಳ ಹಾಡು. ಅದರ ಮಾತು ನೆಕ್ರಾಸೊವ್ ಕವಿಯ 1861ರ ಕವಿತೆಯಿಂದ ಬಂದದ್ದು. ಹೊತ್ತು ಮಾರುವವನ ಹಾಡು ಚಿಪ್ಪಿನೊಳಗೆ ಹೊಕ್ಕು, ತನ್ನ ಮಾತನ್ನೂ ವಾದ್ಯವನ್ನೂ ಕಳಚಿಕೊಂಡು, ಬರಿಯ ಅಲೆಯಾಗಿ ಹೊರಬಂದಿತು. ಈಗ ಅದಕ್ಕೆ ಮತ್ತೆ ಮೈ ಕೊಡುವವರು ಬೇಕು.

ಅದರ ಮೊದಲ ಭಾಗ ಪಂಚಮದಿಂದ ಹೊರಟು ಷಡ್ಜಕ್ಕೆ ಇಳಿಯುತ್ತದೆ. ಸ್ವರಗಳನ್ನು ಜೋಡಿಸಿ ನೋಡಿದರೆ ನಮ್ಮ 20ನೆಯ ಮೇಳ ನಟಭೈರವಿಯವು. ಹಾಗೆಂದು ಅದು ನಟಭೈರವಿ ರಾಗವಲ್ಲ. ಇದನ್ನು ಹುಡುಗ ತಿಳಿದದ್ದು ನನ್ನ ಮಾತಿನಿಂದಲ್ಲ, ವಾದ್ಯಗಳಿಂದ. ಕೀಬೋರ್ಡಿನಲ್ಲಿ ಪ್ರತಿ ಸ್ವರವೂ ಕಲ್ಲಿನಂತೆ ಸ್ಥಿರ. ಅಲ್ಲಿ ಧಾಟಿ ಮೂಲದಂತೆಯೇ ನೆಟ್ಟಗೆ ನಿಂತಿತು. ಎಡಗೈ ಮಂದ್ರದ ಎಳೆಯನ್ನೂ ಬಲಗೈ ಮೇಲಿನ ಎಳೆಯನ್ನೂ ಹಿಡಿದಾಗ ಎರಡೂ ಒಂದನ್ನೊಂದು ಹೇಗೆ ಆಧರಿಸುತ್ತವೆಂಬುದು ಕಂಡಿತು. ಪಿಟೀಲಿಗೆ ಬಂದಾಗ ಮೆಟ್ಟಿಲುಗಳಿಲ್ಲ, ಮನೆಗಳಿಲ್ಲ. ಬೆರಳು ಇಟ್ಟಲ್ಲೇ ಸ್ವರ. ಕೂದಲೆಳೆಯಷ್ಟು ಜಾರಿದರೂ ಅಪಸ್ವರ. ಕೀಬೋರ್ಡು ಕೇಳದೆಯೇ ಕೊಟ್ಟಿದ್ದ ಶುದ್ಧಿಯನ್ನು ಇಲ್ಲಿ ಕಿವಿಯಿಂದ ಗಳಿಸಬೇಕಾಯಿತು. ಕೊಳಲಿನಲ್ಲಿ ತೊಡಕು ಬೆರಳಿನದಲ್ಲ, ಉಸಿರಿನದು. ಆಟದ ಯಂತ್ರಕ್ಕೆ ಉಸಿರು ಬೇಕಾಗಿಲ್ಲವಾದ್ದರಿಂದ ಆ ಸಂಗೀತದಲ್ಲಿ ಬಿಡುವುಗಳು ಕಡಮೆ. ಎಲ್ಲಿ ಉಸಿರೆಳೆದುಕೊಂಡರೆ ಮಾತು ಮುರಿಯುವುದಿಲ್ಲ ಎಂಬುದನ್ನು ನುಡಿಸುವವನೇ ಕಂಡುಕೊಳ್ಳಬೇಕು. ಕೊನೆಗೆ ನಮ್ಮ ಮನೆಗೆ ಬಂದು ವೀಣೆಯ ಮುಂದೆ ಕುಳಿತ. ಇಪ್ಪತ್ತನಾಲ್ಕು ಮೆಟ್ಟಿಲುಗಳಿವೆ, ಸ್ವರಸ್ಥಾನ ಕಣ್ಣಿಗೆ ಕಾಣುತ್ತದೆ. ಆದರೆ ತಂತಿಯನ್ನು ಸ್ವಲ್ಪ ಎಳೆದೊಡನೆಯೇ ಗಾಂಧಾರ ಅಲುಗಾಡಿತು, ಧಾಟಿ ನಮ್ಮದಾಗತೊಡಗಿತು, ವ್ಯಾಪಾರಿಯ ಹಾಡು ಮರೆಯಾಯಿತು. ಗಮಕ ಎಲ್ಲಿ ಬೇಕು, ಎಲ್ಲಿ ಬೇಡ ಎಂಬ ಪಾಠವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿಕೊಡುವುದು ಕಷ್ಟ.

ಇನ್ನೊಂದು ಸೂಕ್ಷ್ಮ ತಂಬೂರಿಯನ್ನು ಹಿಂದೆ ಮಿಡಿದಾಗ ಹೊರಬಿತ್ತು. ನಮ್ಮ ಸಂಗೀತದಲ್ಲಿ ಷಡ್ಜ ಅಚಲ. ಆಟದ ಸಂಗೀತದಲ್ಲಿ ಮಂದ್ರದ ಎಳೆ ಸ್ಥಳ ಬದಲಿಸುತ್ತಲೇ ಇರುತ್ತದೆ. ಮೇಲಿನ ಅದೇ ಸ್ವರ ಕೆಳಗಿನ ನೆಲ ಕದಲಿದಂತೆ ಬೇರೆ ಬಣ್ಣ ತಳೆಯುತ್ತದೆ. ತಂಬೂರಿ ನುಡಿಯುತ್ತಿದ್ದರೆ ಈ ಎರಡಕ್ಕೂ ಜಗಳ. ಹುಡುಗ ತಂಬೂರಿಯನ್ನು ನಿಲ್ಲಿಸಿದ. ಸರಿಯಾದುದನ್ನೇ ಮಾಡಿದ.

ಹೊರಗಿನ ಧಾಟಿಯನ್ನು ಕೇಳಿ ಒಳಗಿನ ವಾದ್ಯದಲ್ಲಿ ಒರೆಹಚ್ಚುವುದು ನಮಗೆ ಹೊಸದೇನಲ್ಲ. ಮುತ್ತುಸ್ವಾಮಿ ದೀಕ್ಷಿತರು ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡುಗಳ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿ ನೋಟುಸ್ವರಗಳನ್ನು ರಚಿಸಿದರು; ‘ಶಕ್ತಿಸಹಿತ ಗಣಪತಿಂ’ ಎಂಬುದನ್ನು ಇಂದಿಗೂ ಮಕ್ಕಳು ಕಲಿಯುತ್ತಾರೆ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನೇ ಯುರೋಪಿಯನ್ನರಿಂದ ಕಲಿತು ನಮ್ಮ ಸಂಗೀತಕ್ಕೆ ತಂದರು. ಮೈಸೂರಿನಲ್ಲಂತೂ ಬಹುವಾದ್ಯ ನೈಪುಣ್ಯ ಒಂದು ಪರಂಪರೆಯಂತೆಯೇ ಇತ್ತು. ವೀಣೆ ಶೇಷಣ್ಣನವರು (1852–1926) ಪಿಟೀಲು, ಸ್ವರಬತ್, ಜಲತರಂಗ, ಪಿಯಾನೋಗಳನ್ನೂ ನುಡಿಸುತ್ತಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು (1884–1940) ವೀಣೆ, ಕೊಳಲು, ಪಿಯಾನೋ, ಸ್ಯಾಕ್ಸೊಫೋನ್ ಸೇರಿದಂತೆ ಎಂಟು ವಾದ್ಯಗಳನ್ನು ಬಲ್ಲವರಾಗಿದ್ದರು. ಅರಮನೆಯಲ್ಲಿ ಆಟೊ ಸ್ಮಿಟ್ ಎಂಬ ಜರ್ಮನ್ ವಿದ್ವಾಂಸರ ಕೈಕೆಳಗೆ ಪಾಶ್ಚಾತ್ಯ ವಾದ್ಯವೃಂದವಿತ್ತು. ವೀಣೆ ವೆಂಕಟಗಿರಿಯಪ್ಪನವರು ಹೊರಗಿನ ಸಂಗೀತದ ಛಾಯೆಯುಳ್ಳ ‘ನಗ್ಮಾ’ಗಳನ್ನು ರಚಿಸಿದ್ದು ಈ ವಾತಾವರಣದಲ್ಲಿಯೇ.

ಆದರೆ ಶೇಷಣ್ಣನವರ ಹೆಸರಿನ ಹಿಂದೆ ಅಂಟಿಕೊಂಡದ್ದು ‘ವೀಣೆ’ ಎಂಬ ಒಂದೇ ಪದ. ಇದನ್ನು ಹುಡುಗನಿಗೂ ಹೇಳಿದೆ, ತಾಯಿಗೂ ಹೇಳಿದೆ. ಹಲವು ವಾದ್ಯಗಳನ್ನು ಕಲಿಯುವಾಗ ಸ್ವರಜ್ಞಾನ, ಲಯ, ಕೇಳಿದ್ದನ್ನು ಬಿಡಿಸಿ ನೋಡುವ ಶಕ್ತಿ ಇವು ಒಂದರಿಂದ ಇನ್ನೊಂದಕ್ಕೆ ನಡೆದುಬರುತ್ತವೆ. ಎರಡನೆಯ ವಾದ್ಯ ಮೊದಲನೆಯದಕ್ಕಿಂತ ಬೇಗ ಹಿಡಿತಕ್ಕೆ ಬರುವುದು ಇದರಿಂದ. ಕೈಯ ಪಳಗು, ತುಟಿಯ ಹದ, ಬಿಲ್ಲಿನ ತೂಕ ಇವು ಮಾತ್ರ ಪ್ರತಿ ವಾದ್ಯದಲ್ಲಿಯೂ ಮೊದಲಿನಿಂದ ದುಡಿದೇ ಬರಬೇಕು. ಆದ್ದರಿಂದ ಒಂದು ವಾದ್ಯ ಮನೆಯಾಗಿರಲಿ, ಉಳಿದವು ನೆಂಟರ ಮನೆಗಳಾಗಿರಲಿ. ಆಟದ ಸಂಗೀತ ಸರಳೆ, ಜಂಟಿವರಸೆಗಳ ಜಾಗವನ್ನು ತುಂಬಲಾರದು. ಅದರಲ್ಲಿ ಗಮಕವಿಲ್ಲ, ಮನೋಧರ್ಮಕ್ಕೆ ಎಡೆಯಿಲ್ಲ. ಆದರೆ ಹತ್ತು ಸಲ ಸರಳೆ ನುಡಿಸಲು ಬೇಸರಿಸುವ ಹುಡುಗ ಮುಕ್ಕಾಲು ನಿಮಿಷದ ಆ ಧಾಟಿಯನ್ನು, ಯಾರೂ ಹೇಳದೆಯೇ, ನೂರು ಸಲ ನುಡಿಸುತ್ತಾನೆ. ಸುತ್ತಿ ಸುತ್ತಿ ಬಂದರೂ ದಣಿಸದಿರಲೆಂದೇ ಅದನ್ನು ಕಟ್ಟಿರುವುದು.

ತಾಯಿ ಪರೀಕ್ಷೆಯ ಮಾತನ್ನು ಬಿಡಲಿಲ್ಲ. ಬಿಡಬೇಕೆಂದು ನಾನೂ ಹೇಳಲಿಲ್ಲ. ಪಿಟೀಲನ್ನು ಮುಖ್ಯವಾಗಿಟ್ಟುಕೊಂಡು ಬರುವ ವರ್ಷ ಪರೀಕ್ಷೆಗೆ ಕೂರುವುದೆಂದು ಒಪ್ಪಂದವಾಗಿದೆ. ಉಳಿದ ಸಂಜೆಗಳು ಅವನವು. ಬಂಟ್ವಾಳದ ಕಡೆಯ ನಾಗಸ್ವರ ವಾದಕರೊಬ್ಬರ ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡು ಮನಸೋತು, ವರ್ಷಗಟ್ಟಲೆ ಅದನ್ನು ಪಳಗಿಸಿ, 1994ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಉತ್ಸವದಲ್ಲಿ ನುಡಿಸಿದ ಕದ್ರಿ ಗೋಪಾಲನಾಥರ ಕಥೆಯನ್ನು ಆ ತಾಯಿಯೇ ನನಗೆ ನೆನಪಿಸಿದರು.

ಅಮೆರಿಕದ ಲೆಸ್ ಪಾಲ್ 1948ರಲ್ಲಿ ಗಿಟಾರಿನ ಎಂಟು ಭಾಗಗಳನ್ನು ತಾನೊಬ್ಬನೇ ಒಂದರ ಮೇಲೊಂದು ಮುದ್ರಿಸಿ ಹಾಡೊಂದನ್ನು ಹೊರತಂದ. ಅಂದು ಅದಕ್ಕೆ ಪ್ರಯೋಗಶಾಲೆಯಂಥ ಕೋಣೆ ಬೇಕಾಗಿತ್ತು. ಇಂದು ಮೊಬೈಲ್ ಫೋನು ಸಾಕು. ನಮ್ಮ ಹುಡುಗನೂ ಅದೇ ಬಗೆಯಲ್ಲಿ ಟೆಟ್ರಿಸ್ಸಿನ ಧಾಟಿಯನ್ನು ಜೋಡಿಸುತ್ತಿದ್ದಾನೆ: ಮೇಲಿನ ಎಳೆ ಪಿಟೀಲಿಗೆ, ಜೊತೆಯ ಎಳೆ ಕೊಳಲಿಗೆ, ಮಂದ್ರ ನಮ್ಮ ಮನೆಯ ವೀಣೆಗೆ. ನಾಲ್ಕನೆಯ ದಾರಿಯ ಭೋರ್ಗರೆತಕ್ಕೆ ಖಂಜಿರವೋ ಗೆಜ್ಜೆಯೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಖಂಜಿರ ಬಾರಿಸಲು ಕಲಿಸುವವರು ಯಲಹಂಕದಲ್ಲಿ ಯಾರಿದ್ದಾರೆಂದು ಮೊನ್ನೆ ವಿಚಾರಿಸುತ್ತಿದ್ದ.