ಕರೆಯದೆ ಬಂದ ತಂಬೂರಿ

ರಾತ್ರಿಯ ಊಟ ಮುಗಿದು, ಮನೆ ನಿಶ್ಶಬ್ದವಾದ ಮೇಲೆ ಮೆಚ್ಚಿನ ರಾಗವೊಂದನ್ನು ಕೇಳಲು ಕುಳಿತಿರುತ್ತೇವೆ. ಗಾಯಕರು ಬಾಯಿ ತೆರೆಯುವ ಮುನ್ನವೇ ಧ್ವನಿವರ್ಧಕದಿಂದ 'ಗುಂಯ್' ಎಂಬ ನಾದ ಹೊರಡುತ್ತದೆ. ಕರೆಯದೆ ಬಂದ ತಂಬೂರಿ ಅದು!

ಅನೇಕ ವೇಳೆ ಇದರ ಮೂಲ ಸೆಕೆಂಡಿಗೆ 50 ಬಾರಿ ಆವರ್ತಿಸುವ ಮನೆಯ ವಿದ್ಯುತ್ತೇ. ಆಂಪ್ಲಿಫೈಯರನ್ನು ಒಂದು ಗೋಡೆಯ ಸಾಕೆಟ್ಟಿಗೂ ಕಂಪ್ಯೂಟರನ್ನು ಎದುರು ಗೋಡೆಯದಕ್ಕೂ ಸೇರಿಸಿದರೆ, ಅವೆರಡರ ನಡುವೆ ಎರಡು ದಾರಿಗಳಾಗುತ್ತವೆ: ಧ್ವನಿಯ ತಂತಿಯ ಹೊರಕವಚ ಒಂದು, ಗೋಡೆಯೊಳಗಿನ ಅರ್ತ್ ತಂತಿ ಇನ್ನೊಂದು. ಎರಡೂ ಕೂಡಿ ದೊಡ್ಡದೊಂದು ಬಳೆಯಾಗುತ್ತದೆ. ಅದರಲ್ಲಿ ಸುಳಿಯುವ ಅಲ್ಪ ವಿದ್ಯುತ್ತೇ ಗುಂಯ್‌ಗುಡುವುದು.

ನನ್ನ ಮಿತ್ರರೊಬ್ಬರು ಇದಕ್ಕೆ ಸುಲಭೋಪಾಯ ಕಂಡುಕೊಂಡರು: ಪ್ಲಗ್ಗಿನ ಅರ್ತ್ ತಂತಿಯನ್ನೇ ಕತ್ತರಿಸಿದರು. ನಾದ ನಿಂತಿತು. ಒಂದು ಮಳೆಗಾಲದ ಸಂಜೆ ಬರಿಗಾಲಿನಲ್ಲಿ ಆಂಪ್ಲಿಫೈಯರಿನ ಲೋಹದ ಪೆಟ್ಟಿಗೆಯನ್ನು ಮುಟ್ಟಿದವರು ಮಾರುದೂರ ಬಿದ್ದರು. ಒಳಗಿನ ಫೇಸ್ ತಂತಿಯ ಕವಚ ಸವೆದು ಪೆಟ್ಟಿಗೆಗೆ ತಗುಲಿತ್ತು. ಅರ್ತ್ ಇದ್ದಿದ್ದರೆ ಫ್ಯೂಸ್ ಹಾರಿಹೋಗುತ್ತಿತ್ತು. ಅದಿಲ್ಲದೆ ವಿದ್ಯುತ್ತು ಅವರ ದೇಹವನ್ನೇ ದಾರಿ ಮಾಡಿಕೊಂಡಿತು. ಬದುಕಿದ್ದು ಪುಣ್ಯ.

ಸರಿಯಾದ ಮದ್ದು ಬೇರೆ: ಎಲ್ಲ ಉಪಕರಣಗಳಿಗೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡು. ಬಳೆ ಚಿಕ್ಕದಾದಂತೆ ನಾದವೂ ಕುಗ್ಗುತ್ತದೆ. 6 ಆಂಪಿಯರಿನ ನಾಲ್ಕು ಸಾಕೆಟ್ಟು, ಒಂದು ಸ್ವಿಚ್ಚು, 5 ಆಂಪಿಯರಿನ ಫ್ಯೂಸು, 1.5 ಚದರ ಮಿಲಿಮೀಟರಿನ ಮೂರೆಳೆಯ ತಂತಿ, ಮೂರು ಪಿನ್ನಿನ ಪ್ಲಗ್ಗು ಇಷ್ಟು ಸಾಕು. ಕಂದು ಎಳೆ ಫೇಸ್. ಅದು ಫ್ಯೂಸು, ಸ್ವಿಚ್ಚುಗಳನ್ನು ಹಾದು ಸಾಕೆಟ್ಟುಗಳನ್ನು ಸೇರಲಿ. ನೀಲಿ ನ್ಯೂಟ್ರಲ್. ಹಸಿರು-ಹಳದಿ ಅರ್ತ್; ಪ್ರತಿ ಸಾಕೆಟ್ಟಿನಿಂದಲೂ ಪ್ರತ್ಯೇಕ ಎಳೆ ತಂದು ಒಂದೆಡೆ ಬಿಗಿಯಾಗಿ ಕೂಡಿಸಬೇಕು. ಅದರ ದಾರಿಯಲ್ಲಿ ಸ್ವಿಚ್ಚು ಕೂಡದು. ಎದುರಿನಿಂದ ನೋಡಿದರೆ ಮೇಲಿನ ದೊಡ್ಡ ರಂಧ್ರ ಅರ್ತ್, ಬಲಗಡೆಯದು ಫೇಸ್. ತಂತಿ ಬಿಗಿಯುವುದು ಹಿಂಬದಿಯಿಂದ. ಅಲ್ಲಿ ಎಡಬಲ ಅದಲುಬದಲಾಗುವುದನ್ನು ಮರೆಯಬಾರದು.

ಇಸ್ತ್ರಿಪೆಟ್ಟಿಗೆಯನ್ನು ಈ ಬೋರ್ಡಿಗೆ ಸೇರಿಸಬೇಡಿ. 230 ವೋಲ್ಟಿನಲ್ಲಿ 5 ಆಂಪಿಯರೆಂದರೆ 1150 ವಾಟು ಮಾತ್ರ. ಹಳೆಯ ಮನೆಗಳಲ್ಲಿ ಮೂರು ರಂಧ್ರಗಳಿದ್ದರೂ ಹಿಂದೆ ಅರ್ತ್ ತಂತಿಯೇ ಇರದಿರಬಹುದು. ಬಳಸುವ ಮೊದಲು ಗೋಡೆಯ ಸಾಕೆಟ್ಟನ್ನೂ ಬೋರ್ಡನ್ನೂ ಬಲ್ಲ ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಿ.

ಇಷ್ಟಾದರೂ ನಾದ ಉಳಿದರೆ ಧ್ವನಿಯ ತಂತಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಸೇರಿಸಬಹುದು. ಅರ್ತಿಗೆ ಮಾತ್ರ ಕತ್ತರಿ ತಾಗದಿರಲಿ. ಶ್ರುತಿ ಕೆಟ್ಟರೆ ಸರಿಪಡಿಸಬಹುದು. ಉಸಿರು ನಿಂತರೆ ಆಗದು.