ನುಗ್ಗೆಕಾಯಿಯ ಕೀರ್ತಿ, ರಕ್ತನಾಳದ ಸತ್ಯ

ಮದುವೆ ಊಟದಲ್ಲಿ ಹೊಸ ಅಳಿಯನ ಎಲೆಗೆ ನುಗ್ಗೆಕಾಯಿ ಎರಡನೇ ಸಲ ಬಿದ್ದರೆ ಪಂಕ್ತಿಯಲ್ಲಿ ನಗೆ ಏಳುವುದುಂಟು. ಊರ ಗೋಡೆಗಳ ಮೇಲಿನ ಜಾಹೀರಾತಿಗೆ ಈ ತಮಾಷೆ ಗೊತ್ತಿಲ್ಲ. ಅಲ್ಲಿ ಲೇಹ್ಯ, ಭಸ್ಮ, ‘ಶಕ್ತಿ’ ಗುಳಿಗೆಗಳ ಗ್ಯಾರಂಟಿ ಮಾತು. ಹಾಸಿಗೆಯ ಸುಖಕ್ಕೆಂದೇ ಒಂದು ವಿಶೇಷ ಆಹಾರವಿದೆ ಎಂಬ ನಂಬಿಕೆ ಎರಡರ ಹಿಂದೆಯೂ ಇದೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ವೈದ್ಯರ ಚೀಟಿಯಿಲ್ಲದೆ ಮಾರಾಟವಾಗುವ ಕಾಮೋತ್ತೇಜಕಗಳನ್ನು ಪರಿಶೀಲಿಸಿ, ಯಾವುದರ ಸುರಕ್ಷತೆಯೂ ಪರಿಣಾಮವೂ ಸಾಬೀತಾಗಿಲ್ಲವೆಂದು 1989ರಲ್ಲೇ ಹೇಳಿತು. ಹಾಗೆಂದು ಊಟಕ್ಕೂ ದಾಂಪತ್ಯ ಸುಖಕ್ಕೂ ನಂಟೇ ಇಲ್ಲವೆಂದಲ್ಲ. ನಂಟು ಗಟ್ಟಿಯಾಗಿಯೇ ಇದೆ, ಆದರೆ ಅದು ಒಂದು ರಾತ್ರಿಯ ಲೆಕ್ಕಕ್ಕೆ ಸಿಗದೆ ವರ್ಷಗಟ್ಟಲೆಯ ಊಟದಲ್ಲಿ ಕೂಡಿ ಬರುವಂಥದ್ದು.

ಗಂಡಸರಲ್ಲಿ ಮುಖ್ಯವಾಗಿ ಇದು ರಕ್ತ ಹರಿಯುವ ವಿಚಾರ. ನಿಮಿರುವಿಕೆಗೆ ಶಿಶ್ನದ ರಕ್ತನಾಳಗಳು ಸಡಿಲಗೊಂಡು ತುಂಬಿಕೊಳ್ಳಬೇಕು. ಸಡಿಲವಾಗಲು ಸೂಚನೆ ಕೊಡುವುದು ನರಗಳಿಂದಲೂ ನಾಳಗಳ ಒಳಪದರದಿಂದಲೂ ಹೊರಡುವ ನೈಟ್ರಿಕ್ ಆಕ್ಸೈಡ್. ರಕ್ತನಾಳಗಳಲ್ಲಿ ಈ ಅನಿಲ ಮಾಡುವ ಕೆಲಸವನ್ನು ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಅದೇ ದಾರಿಯನ್ನು ಬಳಸಿಕೊಳ್ಳುವ ವಯಾಗ್ರ ಮಾರುಕಟ್ಟೆಗೆ ಬಂದದ್ದೂ ಅದೇ ವರ್ಷ. ಸಕ್ಕರೆ ಕಾಯಿಲೆ, ಬಿ.ಪಿ., ಕೊಲೆಸ್ಟ್ರಾಲ್, ತಂಬಾಕು ಎಲ್ಲವೂ ಕೆಡಿಸುವುದು ಆ ಒಳಪದರವನ್ನೇ. ಹೃದಯದ ನಾಳಗಳು ಸುಮಾರು 3ರಿಂದ 4 ಮಿ.ಮೀ. ಅಗಲವಿದ್ದರೆ ಶಿಶ್ನದ್ದು 1ರಿಂದ 2 ಮಿ.ಮೀ. ಮಾತ್ರ. ಸಣ್ಣ ನಾಳದಲ್ಲಿ ತೊಂದರೆ ಬೇಗ ಕಾಣಿಸಿಕೊಳ್ಳುತ್ತದೆ. ಆದ್ದರಿಂದಲೇ ನಡುವಯಸ್ಸಿನ ಗಂಡಸಿನ ನಿಮಿರುವಿಕೆಯ ದೌರ್ಬಲ್ಯವನ್ನು ವೈದ್ಯರು ಹೃದಯದ ಮುನ್ಸೂಚನೆಯೆಂದು ನೋಡುತ್ತಾರೆ. ಹೊಟ್ಟೆಯ ಬೊಜ್ಜಿನದು ಇನ್ನೊಂದು ಕಾಟ: ಕೊಬ್ಬಿನ ಅಂಗಾಂಶ ಟೆಸ್ಟೊಸ್ಟಿರೋನನ್ನು ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ಇಟಲಿಯಲ್ಲಿ ಇಂಥ ದೌರ್ಬಲ್ಯವಿದ್ದ 110 ಮಂದಿ ಸ್ಥೂಲಕಾಯರನ್ನು ಎರಡು ವರ್ಷ ಅಧ್ಯಯನ ಮಾಡಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಊಟ ತಿದ್ದಿಕೊಂಡು, ವ್ಯಾಯಾಮ ಮಾಡಿ ತೂಕ ಇಳಿಸಿದ ಗುಂಪಿನಲ್ಲಿ ಸುಮಾರು ಮೂರರಲ್ಲಿ ಒಬ್ಬರು ಸಹಜ ಸ್ಥಿತಿಗೆ ಮರಳಿದ್ದರು. ಬರೀ ಸಾಮಾನ್ಯ ಸಲಹೆ ಪಡೆದ ಗುಂಪಿನಲ್ಲಿ ಹಾಗೆ ಮರಳಿದವರು ಬೆರಳೆಣಿಕೆಯಷ್ಟು.

ಹೆಂಗಸರ ಬಗ್ಗೆ ಇಷ್ಟು ಸಂಶೋಧನೆ ನಡೆದಿಲ್ಲ. ಅವರ ಸುಖವನ್ನು ಯಾರೂ ಅಷ್ಟು ವಿಚಾರಿಸಿಕೊಂಡಿಲ್ಲವೆಂದೇ ಇದರ ಅರ್ಥ. ನಮ್ಮಲ್ಲಿ ಮೊದಲು ಮಾತಾಡಬೇಕಾದದ್ದು ರಕ್ತಹೀನತೆಯ ಬಗ್ಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ ಶೇ. 25. ಏದುಸಿರು ಬಿಡುತ್ತ ದಿನ ದೂಡುವ ದೇಹಕ್ಕೆ ರಾತ್ರಿ ಬಯಕೆ ಎಲ್ಲಿಂದ ಬರಬೇಕು? ಎಲ್ಲರೂ ಉಂಡಮೇಲೆ ತಳದಲ್ಲಿ ಉಳಿದದ್ದನ್ನು ಬಡಿಸಿಕೊಳ್ಳುವ ಗೃಹಿಣಿಗೆ ‘ಆಸಕ್ತಿಯಿಲ್ಲ’ ಎಂಬ ಆರೋಪ ಹೊರಿಸುವ ಮುನ್ನ ಆಕೆಯ ಹಿಮೋಗ್ಲೋಬಿನ್ ನೋಡಿಸುವುದು ನ್ಯಾಯ. ಹುರುಳಿ, ಅಲಸಂದೆ, ದಂಟಿನ ಸೊಪ್ಪು, ನುಗ್ಗೆಸೊಪ್ಪು (ಕಾಯಿಗಿಂತ ಸೊಪ್ಪಿಗೇ ಈ ಮರ್ಯಾದೆ ಸಲ್ಲಬೇಕು) ಆಕೆಯ ತಟ್ಟೆಗೂ ಬೀಳಬೇಕು. ಮೇಲೆ ನಿಂಬೆ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹಿಡಿಯುತ್ತದೆ; ಊಟದ ಜೊತೆಗೇ ಕಾಫಿ-ಟೀ ಕುಡಿದರೆ ಕಡಿಮೆಯಾಗುತ್ತದೆ. ರಕ್ತಹೀನತೆ ತೀವ್ರವಾಗಿದ್ದರೆ ಮಾತ್ರೆಯೂ ಬೇಕು. ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ಏರುಪೇರು) ಇರುವ, ತೂಕ ಹೆಚ್ಚಿರುವ ಯುವತಿಯರಲ್ಲಿ ಶೇ. 5ರಿಂದ 10ರಷ್ಟು ತೂಕ ಇಳಿದರೂ ಎಷ್ಟೋ ಸಲ ಮುಟ್ಟು ಸರಿದಾರಿಗೆ ಬರುತ್ತದೆ. ಆದರೆ ತೆಳ್ಳಗಾಗುವ ಹಟದಲ್ಲಿ ಅರೆಹೊಟ್ಟೆ ಉಣ್ಣುವವರಿಗೆ ಮುಟ್ಟೂ ನಿಲ್ಲಬಹುದು, ಬಯಕೆಯೂ ಬತ್ತಬಹುದು. ಮುಟ್ಟು ನಿಂತ ವಯಸ್ಸಿನ ಯೋನಿಶುಷ್ಕತೆಯನ್ನು ಮಾತ್ರ ಯಾವ ಪಥ್ಯವೂ ಸರಿಪಡಿಸುವುದಿಲ್ಲ. ಅದಕ್ಕೆ ಸ್ತ್ರೀರೋಗ ತಜ್ಞರ ಬಳಿ ಸುಲಭ ಚಿಕಿತ್ಸೆಗಳಿವೆ, ಸಂಕೋಚ ಬಿಟ್ಟು ಕೇಳಬೇಕಷ್ಟೆ.

ಆಯುರ್ವೇದ ಹಾಲು, ತುಪ್ಪ, ಉದ್ದು ಹೇಳಿಲ್ಲವೇ ಎಂದು ಕೇಳುವವರಿದ್ದಾರೆ. ಹೇಳಿದೆ, ಚರಕ ಸಂಹಿತೆಯಲ್ಲಿ ವಾಜೀಕರಣಕ್ಕೇ, ಅಂದರೆ ಕಾಮಶಕ್ತಿ ಹೆಚ್ಚಿಸುವ ಚಿಕಿತ್ಸೆಗೇ, ಒಂದು ಅಧ್ಯಾಯವಿದೆ. ಆದರೆ ಹೊಲದಲ್ಲಿ ದುಡಿಯುವ ಮೈಗೆ ಒಗ್ಗುವ ತುಪ್ಪದ ಪ್ರಮಾಣ, ದಿನವಿಡೀ ಕುರ್ಚಿಯಲ್ಲಿ ಕೂತು ಸಂಜೆ ಬೋಂಡಾ ತಿನ್ನುವ ಮೈಗೆ ಒಗ್ಗದು. ಅಲ್ಲದೆ ಮನಸ್ಸನ್ನು ಹಿಗ್ಗಿಸುವ ಸಂಗಾತಿಯೇ ಶ್ರೇಷ್ಠ ವಾಜೀಕರಣವೆಂದು ಆ ಗ್ರಂಥವೇ ಎಣಿಸಿದೆ. ಇದೇ ಎಳೆ ಹಿಡಿದು, ಎಲ್ಲವೂ ಮನಸ್ಸಿನದೇ ಆಟ, ಊಟದ ಮಾತೇಕೆ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಸಾಲ, ಮುನಿಸು, ನೈಟ್ ಶಿಫ್ಟು, ಒಂದೇ ಕೋಣೆಯಲ್ಲಿ ಮಲಗುವ ಸಂಸಾರ, ಇವಕ್ಕೆಲ್ಲ ಸೊಪ್ಪಿನ ಸಾರಿನಲ್ಲಿ ಮದ್ದಿಲ್ಲ. ಇಟಲಿಯ ಆ ಪ್ರಯೋಗದಲ್ಲೂ ಮೂರರಲ್ಲಿ ಇಬ್ಬರಿಗೆ ಪೂರ್ತಿ ಗುಣವಾಗಲಿಲ್ಲ. ಆದರೆ ಕೆಟ್ಟ ರಕ್ತನಾಳವನ್ನು ಸಮಾಧಾನದ ಮಾತಿನಿಂದ ರಿಪೇರಿ ಮಾಡಲೂ ಆಗದು. ಊಟದಲ್ಲಿ ಅನ್ನ, ಸಕ್ಕರೆ, ಕರಿದದ್ದು ತಗ್ಗಿ ಕಾಳು, ಸೊಪ್ಪು, ಹಣ್ಣು, ಕಡಲೆಕಾಯಿ ಹೆಚ್ಚಿದರೆ ದೇಹದ ಕಡೆಯ ಅಡ್ಡಿಗಳಾದರೂ ಕಡಿಮೆಯಾಗುತ್ತವೆ.

ಲೇಹ್ಯದ ಡಬ್ಬಿ ಕೊಳ್ಳುವ ಮುನ್ನ ಸಕ್ಕರೆ, ಬಿ.ಪಿ., ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಗಂಡ ಹೆಂಡತಿ ಇಬ್ಬರೂ. ‘ಗಿಡಮೂಲಿಕೆ’ ಎಂದು ಮಾರಾಟವಾಗುವ ಎಷ್ಟೋ ಗುಳಿಗೆಗಳಲ್ಲಿ ಹೇಳದೆ ಬೆರೆಸಿದ ಸಿಲ್ಡೆನಾಫಿಲ್ (ವಯಾಗ್ರದಲ್ಲಿರುವ ಔಷಧ) ಪತ್ತೆಯಾಗಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ನುಂಗಿದರೆ ರಕ್ತದೊತ್ತಡ ಒಮ್ಮೆಗೇ ಕುಸಿದು ಜೀವಕ್ಕೇ ಅಪಾಯವಾಗಬಹುದು.